ಆಷಾಢಕ್ಕೆ ಬಂದ ಮದುವೆ ಸೀರೆಗಳು

1999ರಲ್ಲಿ, ಎರಡನೇ ಪ್ರಯತ್ನದಲ್ಲಿ, ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಎದುರುಮನೆಯ ಅಕ್ಕ ಡೇಟಾಬೇಸ್ ನಿರ್ವಹಣೆ ಮತ್ತು ಡೇಟಾ ವೇರ್‌ಹೌಸಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಮೊನ್ನೆ ಅಟ್ಟ ಗುಡಿಸುವಾಗ ಎರಡೂ ಅಂಚಿಗೆ ತೂತುಗಳಿರುವ ಕಂಪ್ಯೂಟರ್ ಕಾಗದದ ಮಡಿಕೆಯೊಂದು ಸಿಕ್ಕಿತು. ಶಾಯಿ ಮಾಸಿದೆ. ಆಗ ನಾನು ಊರಿನ ಪತ್ರಿಕೆಯೊಂದರಲ್ಲಿ ಹೊಸ ವರದಿಗಾರ. ಅಕ್ಕ ರದ್ದಿಗೆ ಹಾಕಿದ ಹಾಳೆಗಳ ಖಾಲಿ ಹಿಂಬದಿಯಲ್ಲಿ ಸುದ್ದಿ ಬರೆಯುತ್ತಿದ್ದೆ...

ಅವರ ಮನೆಯದು ಜವಳಿ ವ್ಯಾಪಾರ. ದಾವಣಗೆರೆಯ ಅಂಗಡಿಯಲ್ಲಿ ಅಪ್ಪ, ಹರಿಹರದ ಅಂಗಡಿಯಲ್ಲಿ ಚಿಕ್ಕಪ್ಪ. ಎರಡೂ ಅಂಗಡಿಗಳ ಹಲವು ವರ್ಷಗಳ ಮಾರಾಟವನ್ನು ಒಂದೇ ಕಡೆ ಕೂಡಿಸಿ, ಯಾವ ತಿಂಗಳು ಯಾವ ಸೀರೆ ಹೋಗುತ್ತದೆಂದು ಕೇಳಿದ ಕೂಡಲೇ ಹೇಳುವ ವ್ಯವಸ್ಥೆ ಕಟ್ಟುವುದು ಅಕ್ಕನ ಪ್ರಾಜೆಕ್ಟ್. ಊರಿನ ಕಾಲೇಜೊಂದು ಕಂಪ್ಯೂಟರ್ ವಿಭಾಗ ತೆರೆಯಲಿತ್ತು. ಆ ವರ್ಷವೇ ಪದವಿ ಕೈಗೆ ಬಂದರೆ ಉಪನ್ಯಾಸಕಿಯ ಕೆಲಸ ಅವರಿಗೆ, ಇಲ್ಲದಿದ್ದರೆ ಬೇರೆಯವರಿಗೆ.

ಮೊದಲ ಮೌಖಿಕ ಪರೀಕ್ಷೆಯಲ್ಲಿ ನಡೆದದ್ದನ್ನು ಅಕ್ಕನೇ ಹೇಳಿದ್ದು. ಆ ವ್ಯವಸ್ಥೆ ಅಚ್ಚು ಹಾಕಿಕೊಟ್ಟ ಹಾಳೆಯ ಪ್ರಕಾರ ರೇಷ್ಮೆ ಸೀರೆಗಳು ಅತಿ ಹೆಚ್ಚು ಮಾರಾಟವಾದದ್ದು ಆಷಾಢದಲ್ಲಿ. ಪರೀಕ್ಷಕರು ಕನ್ನಡಕ ತೆಗೆದರಂತೆ.

"ಏನಮ್ಮಾ, ಆಷಾಢದಾಗ ಯಾರ್ ಮದುವಿ ಮಾಡ್ಸಿದ್ರಿ?"

ತಿದ್ದಿಕೊಂಡು ಬರಲು ಒಂದೇ ಒಂದು ಅವಕಾಶ ಕೊಟ್ಟರು.

ಮಾರನೇ ದಿನ ಅಕ್ಕ ಹರಿಹರಕ್ಕೆ ಹೊರಟರು. ನನಗೂ ಅಲ್ಲಿ ಕೆಲಸವಿತ್ತು. ಒಂದೇ ಬಸ್ಸಿನಲ್ಲಿ ಹೋದೆವು. ಗಾದಿಯ ಮೇಲೆ ಕೂತಿದ್ದ ಚಿಕ್ಕಪ್ಪ ಹಾಳೆ ನೋಡಿ ನಕ್ಕುಬಿಟ್ಟರು.

"ಆಷಾಢದಾಗ ನಾವಿಲ್ಲಿ ನೊಣ ಹೊಡ್ಕಂತ ಕುಂತಿರ್ತೀವಿ. ನಿಮ್ಮಪ್ಪಂದೇ ಜೋರ್ ಐತೆ ಬಿಡವ್ವ!"

ಅಕ್ಕ ನಗಲಿಲ್ಲ. ಅಂಗಡಿಯ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತರು. ಆಮೇಲೆ ಹೇಳಿದರು: "ಚಿಕ್ಕಪ್ಪಾ, ನೀವು ಯುಗಾದಿಗೆ ಲೆಕ್ಕ ಶುರು ಮಾಡ್ತೀರಿ. ಅಪ್ಪ ದೀಪಾವಳಿ ಪಾಡ್ಯಕ್ಕೆ. ನಾ ಇಬ್ರುದ್ದೂ ಒಂದ್ನೇ ತಿಂಗ್ಳು ಅಂತ ಒಂದೇ ಗೂಡಿಗೆ ಹಾಕೀನಿ."

ಹರಿಹರದ ನಾಲ್ಕನೇ ತಿಂಗಳು ಆಷಾಢ. ದಾವಣಗೆರೆಯ ನಾಲ್ಕನೇ ತಿಂಗಳು ಮಾಘ, ಮದುವೆಗಳ ಕಾಲ. ಅಪ್ಪನ ಅಂಗಡಿಯ ಮಾಘದ ಸೀರೆಗಳೆಲ್ಲ ಚಿಕ್ಕಪ್ಪನ ಆಷಾಢಕ್ಕೆ ಸೇರಿಹೋಗಿದ್ದವು. ಪ್ರತಿ ದಿನಕ್ಕೂ ಇಂಗ್ಲಿಷ್ ತಾರೀಖು ಮತ್ತು ಪಂಚಾಂಗದ ತಿಂಗಳು ಎರಡನ್ನೂ ಹೇಳುವ ಪ್ರತ್ಯೇಕ ಕೋಷ್ಟಕವನ್ನು ಅಕ್ಕ ಕಟ್ಟಿದರು. ಅಧಿಕ ಮಾಸಗಳನ್ನೂ ಬಿಡಲಿಲ್ಲ. ಇಡೀ ಮಾರಾಟವನ್ನು ಮತ್ತೆ ಮೊದಲಿನಿಂದ ತುಂಬಿದರು.

ಎರಡನೇ ಪರೀಕ್ಷೆಯ ದಿನ ನಾನು ಹೊರಗೆ ಕಾರಿಡಾರಿನಲ್ಲಿದ್ದೆ. ಬಾಗಿಲು ತೆರೆದಿತ್ತು.

"ಈ ಸಲ ಆಷಾಢದಾಗ ಏನೈತಮ್ಮಾ?"

"ನೊಣ ಐತೆ ಸರ್."

ಒಳಗೆ ಎಲ್ಲರೂ ನಕ್ಕರು. ಪರೀಕ್ಷಕರು ಎದ್ದು ಬಂದು ತಾವೇ ಕೀಲಿಮಣೆಯ ಮುಂದೆ ಕೂತು ಒಂದೊಂದೇ ತಿಂಗಳು ಕೇಳುತ್ತ ಹೋದರು. ಎಲ್ಲದಕ್ಕೂ ಸರಿಯಾದ ಉತ್ತರ ಬಂತು. ಆ ಕೋಷ್ಟಕದ ಒಂದು ಪ್ರತಿ ತಮಗೂ ಬೇಕೆಂದು ಕೇಳಿ ಪಡೆದರು. ಸಂಜೆ ಅಕ್ಕನ ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಚಿಕ್ಕಪ್ಪ ಅಂಗಡಿ ಬೇಗ ಮುಚ್ಚಿ ಹರಿಹರದಿಂದ ಬಂದಿದ್ದರು.

ಕಾಲೇಜಿನ ಕೆಲಸ ಅಕ್ಕನಿಗೇ ಸಿಕ್ಕಿತು. ಕೊನೆಯವರೆಗೂ ಅಲ್ಲೇ ಪಾಠ ಮಾಡಿದರು...

ಅಕ್ಕ ಹೋದ ವರ್ಷ ತೀರಿಕೊಂಡರು. ವಿಭಾಗದ ಮುಖ್ಯಸ್ಥರಾಗಿ ಈಗಿರುವವರು ಅವರ ಮೊದಲ ತಂಡದಲ್ಲಿ ಹದಡಿ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ವಿದ್ಯಾರ್ಥಿನಿ.