ಹಸಿರು ಈಜುಡುಗೆಯ ಜಲಪರೀಕ್ಷೆ

೨೦೧೬ರ ಮಾರ್ಚಿನಲ್ಲಿ ದುಬೈಯ ಅಲ್ ಕುಸೈಸಿನ ತುಳುವರ ವಾಟ್ಸಾಪ್ ಬಳಗಗಳಲ್ಲಿ ಹರಿದಾಡಿದ ಸುದ್ದಿಯ ಪ್ರಕಾರ, ಪುರಂದರನ ಹೆಂಡತಿ ಸ್ವರ್ಣಲತಾ ಸಿನಿಮಾ ಸೇರಿದ್ದಳು. ಸ್ವಿಮ್‌ಸೂಟ್ ತೊಟ್ಟು ನಾಯಕನೊಂದಿಗೆ ಈಜುವ ಹಾಡೊಂದರ ಚಿತ್ರೀಕರಣವೂ ಆಗಿಹೋಗಿತ್ತು. ಇದರಲ್ಲಿ ನಿಜವಾಗಿದ್ದುದು ಸ್ವಿಮ್‌ಸೂಟ್ ಮಾತ್ರ. ನಾಯಕನಿರಲಿಲ್ಲ, ಹಾಡಿರಲಿಲ್ಲ, ಈಜಂತೂ ಇರಲೇ ಇಲ್ಲ. ಮಲ್ಪೆಯ ಕಡಲಿನ ಸದ್ದು ಕೇಳುತ್ತ ಬೆಳೆದರೂ ಸ್ವರ್ಣಲತಾ ನೀರು ಮೊಣಕಾಲು ದಾಟಿದರೆ ಸಕಲ ದೈವಗಳನ್ನೂ ಕರೆಯುವವಳು.

ಅಲ್ ಮುರಕ್ಕಬಾತಿನ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ಅವಳು ರವಿಕೆ ಹೊಲಿಯುತ್ತಿದ್ದಳು. ದುಬೈಯ ಅರ್ಧದಷ್ಟು ಕನ್ನಡತಿಯರ ತೋಳು ಸೊಂಟಗಳ ಏರಿಳಿತದ ಚರಿತ್ರೆ ಅವಳ ಟೇಪಿಗೆ ಗೊತ್ತಿತ್ತು. ಅವಳ ಹೆಸರು ಮಾತ್ರ ಯಾವ ರವಿಕೆಯ ಮೇಲೂ ಇರಲಿಲ್ಲ. ಹಾಗಾಗಿ, ಐವತ್ತರ ದಶಕದ ತಾರೆಯೊಬ್ಬಳ ಕುರಿತ ಚಿತ್ರಕ್ಕೆ ಈಜುಡುಗೆ ಬೇಕು, ಹೊಲಿದವರ ಹೆಸರು ತೆರೆಯ ಮೇಲೆ ಬರುತ್ತದೆ ಎಂದು ಧಾರವಾಡದ ವಸ್ತ್ರವಿನ್ಯಾಸಕಿ ಅಕ್ಷರಾ ಬಂದು ಹೇಳಿದಾಗ, ಅವಳು ಕೈಯಲ್ಲಿದ್ದ ಮದುವೆ ರವಿಕೆಯನ್ನು ಯಾವ ಪಶ್ಚಾತ್ತಾಪವೂ ಇಲ್ಲದೆ ಮೂಲೆಗೆಸೆದಳು.

ಮಾದರಿಯ ಚಿತ್ರ ನೋಡಿ ತುಸು ನಿರಾಸೆಯೇ ಆಯಿತು. ಪಚ್ಚೆ ಸ್ಯಾಟಿನ್, ಎದೆಗೆ ಕೊಡೆಕಡ್ಡಿಯಂಥ ಆಧಾರ, ಹೊಟ್ಟೆ ಮರೆಸಲು ನೆರಿಗೆ, ತೊಡೆಗೊಂದು ಸಭ್ಯತೆಯ ಅಂಚು. ಈಗಿನ ಮದುಮಗಳ ಮೂರು ರವಿಕೆಗಳಿಗಾಗುವಷ್ಟು ಬಟ್ಟೆ ಅದೊಂದರಲ್ಲೇ ಇತ್ತು.

“ಇದನ್ನು ಹಾಕಿ ಈಜ್ಲಿಕ್ಕೆ ಆಗ್ತದಾ ಮಾರಾಯ್ತಿ?”

“ಯಾರ್ ಈಜ್ತಾರ್ರೀ ಆಂಟಿ? ಆಗಿನ ಹೀರೋಯಿನ್‌ಗೋಳು ನೀರಿನ ಬಾಜೂಕ ಕುಂತು ಫೋಟೋ ತಗಿಸ್ಕೋತಿದ್ರು, ಅಷ್ಟ. ಕೂದ್ಲಾ ಕೆಡ್ತಿತ್ತಲ್ಲ!”

“ನಾನು ಹೊಲಿದದ್ದು ನೀರಿಗೆ ಹೆದರ್ಲಿಕ್ಕೆ ಉಂಟಾ? ಪರೀಕ್ಷೆ ಮಾಡಿಯೇ ಕೊಡುದು.”

ಆದರೆ ಕೈ ರವಿಕೆಯ ಕೈ. ಅದು ಅಭ್ಯಾಸಬಲದಿಂದ ಒಳಗೆ ಹತ್ತಿಯ ಲೈನಿಂಗ್ ಕೊಟ್ಟಿತು. ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳಲೆಂದು ಪಕ್ಕಗಳಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟಿತು. ನಾಯಕಿಯಿನ್ನೂ ಮುಂಬೈಯಲ್ಲಿದ್ದಳು. ಸ್ವರ್ಣಲತಾ ಆ ಪಕ್ಕದ ಹೊಲಿಗೆಗಳನ್ನೆಲ್ಲ ಬಿಚ್ಚಿ, ನಾಯಕಿಯ ಉಡುಪಿನೊಳಗೆ ತನ್ನನ್ನು ತುರುಕಿಕೊಂಡು, ಮೇಲೊಂದು ನೈಟಿ ಧರಿಸಿ, ಹೆಂಗಸರಿಗೆ ಮೀಸಲಾದ ಹೊತ್ತಿನಲ್ಲಿ ತಮ್ಮ ಕಟ್ಟಡದ ಈಜುಕೊಳಕ್ಕೆ ಹೋದಳು.

“ಮೇಡಂ, ನೈಟಿ ಮಾಫಿ, ನೋ ನೈಟಿ! ಓನ್ಲಿ ಸ್ವಿಮ್‌ವೇರ್,” ಎಂದಳು ಫಿಲಿಪೀನ್ಸಿನ ಕಾವಲುಗಾರ್ತಿ.

ಮಾನ ಮುಚ್ಚಲೆಂದು ತೊಟ್ಟದ್ದನ್ನು ಹೀಗೆ ನಿಯಮವೇ ಕಳಚಿಸಿತು. ಕಂಬಿ ಹಿಡಿದು ಎದೆಮಟ್ಟ ಇಳಿದದ್ದೇ ತಡ, ಹತ್ತಿಯ ಲೈನಿಂಗ್ ವರ್ಷಗಳ ಬಾಯಾರಿಕೆ ಇದ್ದಂತೆ ನೀರು ಕುಡಿಯತೊಡಗಿತು. ತಾರೆಯ ಉನ್ನತ ವಕ್ಷಸ್ಥಳ ಮೆಲ್ಲಗೆ ಸ್ವರ್ಣಲತಾಳ ಹೊಟ್ಟೆಗೆ ಇಳಿಯಿತು. ನೆನೆದ ಹಾಸಿಗೆಯಷ್ಟು ಭಾರವಾದ ಅವಳನ್ನು ಕಾವಲುಗಾರ್ತಿ ಕಂಕುಳಿಗೆ ಕೈಕೊಟ್ಟು ದಡಕ್ಕೆಳೆದಳು. ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನೆರೆಮನೆಯ ಶಾರದಮ್ಮ ಇದೆಲ್ಲವನ್ನೂ ನೋಡಿದರು. ಸಂಜೆಯೊಳಗೆ ವಾಟ್ಸಾಪಿನಲ್ಲಿ ಹಾಡಿನ ಚಿತ್ರೀಕರಣ ಮುಗಿದಿತ್ತು.

ಪುರಂದರ ಆ ವರ್ಷ ತುಳುವರ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದ. “ನಿನ್ನ ಮಂಡೆ ಸಮ ಉಂಟಾ? ನಾಳೆಯೇ ಅದನ್ನು ವಾಪಸ್ ಕೊಡು. ಖಲಾಸ್!”

“ಕೊಡ್ಲಿಕ್ಕೆ ಆಗುದಿಲ್ಲ. ಲೈನಿಂಗ್ ತಪ್ಪು ಹಾಕಿದ್ದು ನಾನೇ. ಸರಿಮಾಡಿ ಇನ್ನೊಮ್ಮೆ ಇಳೀಬೇಕು. ನನ್ನ ಹೆಸರು ಬರ್ಲಿಕ್ಕುಂಟಲ್ಲ?”

“ಇನ್ನೊಮ್ಮೆಯಾ! ಶಾರದಮ್ಮ ಅಲ್ಲೇ ನಿಂತಿರ್ತಾರೆ!”

“ನಿಲ್ಲಲಿ. ಬೆನ್ನಿನ ಫಿಟ್ಟಿಂಗ್ ನೋಡಿ ಹೇಳ್ಲಿಕ್ಕೆ ನನಗೂ ಒಬ್ಬರು ಬೇಕು.”

ಮಗಳು ಯಶ್ಮಿತಾ ಮೊಬೈಲಿನಿಂದ ಕಣ್ಣೆತ್ತದೆ, “ಡ್ಯಾಡಿ, ಇಟ್ಸ್ ಜಸ್ಟ್ ಎ ಸ್ವಿಮ್‌ಸೂಟ್,” ಎಂದಳು. ಪುರಂದರ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹತ್ತಿ ಹೋಗಿ ನೈಲಾನ್ ಬಂತು. ಮರುವಾರ ಸ್ವರ್ಣಲತಾ ನೈಟಿಯನ್ನು ತಾನೇ ಕಳಚಿ ಕಂಬಿಯ ಮೇಲೆ ಹಾಕಿ ಇಳಿದಳು. ಉಡುಪು ಕದಲಲಿಲ್ಲ. ತಿರುಗಿ ನಿಂತು ಬಾಲ್ಕನಿಯತ್ತ ಕೂಗಿದಳು: “ಹೇಗುಂಟು ಶಾರದಮ್ಮ?”

ಸಿಕ್ಕಿಬಿದ್ದ ಶಾರದಮ್ಮ ಗಂಟಲು ಸರಿಪಡಿಸಿಕೊಂಡರು. “ಬಲದ ಪಟ್ಟಿ ಚೂರು ಜಾರ್ತದೆ, ಸ್ವರ್ಣಾ!”

ಅದನ್ನೂ ಬಿಗಿಮಾಡಿ, ಪಕ್ಕಗಳನ್ನು ನಾಯಕಿಯ ಅಳತೆಗೆ ಮತ್ತೆ ಹೊಲಿದು ಕೊಟ್ಟಳು. ಅಬುಧಾಬಿಯ ಹೋಟೆಲೊಂದರಲ್ಲಿ ಚಿತ್ರೀಕರಣ ನಡೆಯಿತು. ನಾಯಕಿ ಕೊಳದ ಅಂಚಿನಲ್ಲಿ ಕುಳಿತು, ಕಾಲ್ಬೆರಳನ್ನೂ ನೆನೆಸದೆ, ಕಿತ್ತಳೆ ರಸ ಕುಡಿದಳು.

ಈಗ ೨೦೧೯. ಚಿತ್ರ ಬಿಡುಗಡೆಯಾಗಿಲ್ಲ, ಸ್ವರ್ಣಲತಾಳ ಹೆಸರು ಯಾವ ತೆರೆಯ ಮೇಲೂ ಬಂದಿಲ್ಲ. ಪಚ್ಚೆ ಉಡುಪು ರಾಸ್ ಅಲ್ ಖೋರಿನ ಗೋದಾಮೊಂದರ ಪೆಟ್ಟಿಗೆಯಲ್ಲಿದೆ. ಪುರಂದರ ಚುನಾವಣೆಯಲ್ಲಿ ಸೋತ, ಅದಕ್ಕೆ ಅವನ ಭಾಷಣಗಳೇ ಸಾಕಾಗಿದ್ದವು. ಸ್ವರ್ಣಲತಾ ರವಿಕೆ ಹೊಲಿಯುತ್ತಿದ್ದಾಳೆ. ಮಂಗಳವಾರಗಳಂದು ಅವಳೂ ಶಾರದಮ್ಮನೂ ಅವಳೇ ಹೊಲಿದ ಈಜುಡುಗೆ ತೊಟ್ಟು, ಕಂಬಿ ಹಿಡಿದು ನೀರಿನಲ್ಲಿ ನಿಲ್ಲುತ್ತಾರೆ. ಇಬ್ಬರಿಗೂ ಇನ್ನೂ ಈಜು ಬಂದಿಲ್ಲ.