ತಾತನ ಸುತ್ತಿಗೆಯ ಓರೆ ತೂತು

ಆ ಮೀನಿನ ಬಟ್ಟಲು ಅಲ್ಲೇ ಇರಲಿ ಕೆಜಾಯಾ, ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳಬೇಡ. ಕೂತು ಕೇಳು. ನಿನ್ನ ತಾತ ಯಾಕೆ ಹೀಗೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ಅವರು ಅಂಗಳದಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದಾರೆ. ಕೇಳಿಸಿದರೆ ಕೇಳಿಸಲಿ.

ನಮ್ಮ ಟಾರ್ಪನ್ ದ್ವೀಪದಲ್ಲಿ ಲಿಯಾಂಡರ್ ಮಾಕ್ಸಿಯಷ್ಟು ಉಸಿರು ಹಿಡಿಯುವವರು ಇನ್ನೊಬ್ಬರಿರಲಿಲ್ಲ. ಅವರು ಮುಳುಗಿದರೆ ದೋಣಿಯಲ್ಲಿದ್ದವರು ಒಂದು ಕೀರ್ತನೆಯನ್ನು ಪೂರ್ತಿ ಹಾಡಿ ಮುಗಿಸಬಹುದಿತ್ತು. ಆಮೇಲೆ ಎರಡೂ ಕಂಕುಳಲ್ಲಿ ಮಾಂಸ ತುಂಬಿದ ಶಂಖ ಅವುಚಿಕೊಂಡು ಮೇಲೆ ಬರುತ್ತಿದ್ದರು. ನಾನು ಮದುವೆಯಾದದ್ದು ಅದಕ್ಕಲ್ಲ, ಕುತ್ತಿಗೆ ಚೆನ್ನಾಗಿತ್ತು. ಅದು ಬೇರೆ ಮಾತು.

ಅವರ ತಮ್ಮ ಹೆಜ್ರನ್, ನಿನ್ನ ಚಿಕ್ಕ ತಾತ, ಚಿಕ್ಕಂದಿನಲ್ಲೇ ಆಳಕ್ಕೆ ಇಳಿದು ಕಿವಿಯ ತಮಟೆ ಹರಿದುಕೊಂಡವನು. ಅಂದಿನಿಂದ ಅವನು ನೀರಿಗೆ ತಲೆ ಹಾಕಿಲ್ಲ. ದೋಣಿಯಲ್ಲಿ ಕೂತು, ಗಾಜಿನ ತಳದ ಬಕೆಟ್ಟನ್ನು ನೀರಿಗೊತ್ತಿ, ಕೆಳಗೆ ಶಂಖ ಎಲ್ಲಿದೆ ಎಂದು ನೋಡಿ ಹೇಳುವುದಷ್ಟೇ ಅವನ ಕೆಲಸ. ಒಂದು ಕಿವಿ ಹೋದ ಮಗನೆಂದು ನಮ್ಮ ಅತ್ತೆ, ತೊಗರಿಕಾಳಿನ ಅನ್ನದ ತಳ ಹಿಡಿದ ಗರಿಗರಿ ಭಾಗವನ್ನು ಹೆಜ್ರನ್‌ಗೇ ಕೆರೆದು ಹಾಕುತ್ತಿದ್ದರು. ನಿನ್ನ ತಾತ ಅದನ್ನು ಮೊಮ್ಮಕ್ಕಳಾದ ಮೇಲೂ ಮರೆತಿಲ್ಲ. ನಾನು ಎಷ್ಟು ಸಲ ತಳ ಹಿಡಿಸಿ ಬಡಿಸಿದ್ದೇನೆ, ಅದು ಆ ರುಚಿಯಲ್ಲವಂತೆ.

ಪೂರ್ವದ ಹುಲ್ಲುಗಾವಲು ನಿನಗೆ ಗೊತ್ತೇ ಇದೆ. ನೀರಿನಡಿಯ ಆ ಹುಲ್ಲಿನಲ್ಲೇ ಶಂಖ ಮೇಯುವುದು, ಮೊಟ್ಟೆಯಿಡುವುದು. ಒಂದು ಕಾಲದಲ್ಲಿ ಚಿಪ್ಪಿನ ಬಾಯಿಗೆ ತುಟಿಯಂಥ ಅಂಚು ಮೂಡದ ಎಳೆಯ ಶಂಖವನ್ನೂ ಬಿಡದೆ ಎಲ್ಲರೂ ಎತ್ತಿದರು. ಬರಬರುತ್ತಾ ದೋಣಿಯ ತಳ ಮುಚ್ಚುವಷ್ಟೂ ಸಿಗದಾಯಿತು. ಆಗ ಊರು ಚರ್ಚಿನ ಅಂಗಳದಲ್ಲಿ ಸೇರಿ, ಹುಲ್ಲುಗಾವಲಿಗೊಬ್ಬ ಕಾವಲುಗಾರ ಬೇಕೆಂದು ತೀರ್ಮಾನಿಸಿತು. ಮೊಟ್ಟೆಯಿಡುವ ತಿಂಗಳುಗಳಲ್ಲಿ ಅವನು ಮುಚ್ಚೆಂದರೆ ಮುಚ್ಚಬೇಕು, ಯಾರೂ ಅಲ್ಲಿ ಶಂಖ ಎತ್ತಬಾರದು, ತೆರೆಯೆಂದರೆ ತೆರೆಯಬೇಕು. ತುಟಿ ದಪ್ಪಗಾಗದ ಶಂಖವನ್ನು ಯಾರೂ ಮುಟ್ಟಬಾರದು.

ಆ ಕೆಲಸ ತಮಗೇ ಎಂದು ನಿನ್ನ ತಾತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಇಸ್ತ್ರಿ ಮಾಡಿದ್ದು ನಾನು, ಕೆಂಡ ಹಾಕಿ, ಕೈ ಸುಟ್ಟುಕೊಂಡು. ಚರ್ಚಿನ ಹಿರಿಯ ಥ್ಯಾಡಿಯಸ್ ಎದ್ದು ನಿಂತು, “ಮುಳುಗೋಕೆ ಬರದೋನೇ ಕಾವಲಿಗೆ ಸರಿ. ಕದಿಯೋಣ ಅಂದ್ರೂ ಅವನಿಗೆ ಎಟುಕಲ್ಲ” ಎಂದರು. ಎಲ್ಲರೂ ನಕ್ಕು ಹೆಜ್ರನ್‌ಗೆ ಕೈಯೆತ್ತಿದರು.

ಮನೆಗೆ ಬಂದು ಅಂಗಿ ಬಿಚ್ಚುತ್ತಾ ನಿನ್ನ ತಾತ ಹೇಳಿದ್ದು ಒಂದೇ ಮಾತು. “ನೀರಿಗಿಳಿಯದೋನು ಸಮುದ್ರ ಕಾಯ್ತಾನಂತೆ. ನಾಳೆ ನಮ್ಮನೆ ಕೋಳಿನ ಪಾದ್ರಿ ಮಾಡ್ಲಿ.”

ಆ ಮುಂದಿನ ಭಾನುವಾರವೇ ಹೆಜ್ರನ್‌ನ ಹೆಂಡತಿ ಒರಿಂಥಿಯಾ ಚರ್ಚಿನಲ್ಲಿ ಮುಂದಿನ ಬೆಂಚಿಗೆ ಬಂದು ಕೂತಳು, ಗರಿ ಚುಚ್ಚಿದ ಹೊಸ ಟೋಪಿ ಹಾಕಿಕೊಂಡು. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ಆ ಟೋಪಿ ಅವಳ ಮುಖಕ್ಕೆ ಒಪ್ಪುತ್ತಿರಲಿಲ್ಲ, ನಾನು ಹೇಳುವುದು ಅಷ್ಟೇ.

ಎರಡು ವರ್ಷಕ್ಕೆ ಶಂಖ ಮತ್ತೆ ತುಂಬಿಕೊಂಡಿತು. ಪಟ್ಟಣದಿಂದ ಕೊಳ್ಳಲು ಬರುವ ದೋಣಿಯವರು ಕಟ್ಟೆಗೆ ಹಗ್ಗ ಕಟ್ಟುವ ಮೊದಲೇ ಹೆಜ್ರನ್ ಎಲ್ಲಿ ಎಂದು ಕೇಳುವರು. ಆಳಕ್ಕಿಳಿದು ಎತ್ತಿದವರು ಯಾರು? ನಿನ್ನ ತಾತ. ಹೊಗಳಿಕೆ ಯಾರಿಗೆ? ಬಕೆಟ್ಟು ಹಿಡಿದವನಿಗೆ. ನಿನ್ನ ತಾತನಿಗೆ ಊಟ ಸೇರದಾಯಿತು. ತಮ್ಮನ ನೆರಳು ಬಾಗಿಲಲ್ಲಿ ಬಿದ್ದರೆ ಹಿತ್ತಲಿಗೆ ಹೋಗಿಬಿಡುವರು.

ನಮ್ಮಲ್ಲಿ ಮಾಂಸ ತೆಗೆದ ಚಿಪ್ಪನ್ನು ಶಂಖ ಮೇಯುವ ಜಾಗಕ್ಕೆ ಎಸೆಯುವುದಿಲ್ಲ. ಸತ್ತದ್ದರ ವಾಸನೆ ಬಂದರೆ ಬದುಕಿರುವವು ತಮ್ಮ ಒಂಟಿ ಕಾಲಿನಲ್ಲಿ ಕುಪ್ಪಳಿಸಿಕೊಂಡು ಜಾಗ ಬಿಡುತ್ತವೆ. ಅದಕ್ಕೇ ಪ್ರತಿ ಮನೆಯ ಮುಂದೆಯೂ ದಂಡೆಯ ಮೇಲೆ ಅವರವರ ಚಿಪ್ಪಿನ ಗುಡ್ಡೆ. ಹುಲ್ಲುಗಾವಲು ಮುಚ್ಚಿದ ವಾರದ ಭಾನುವಾರ ನಿನ್ನ ತಾತ ಹಲ್ಲುನೋವೆಂದು ಮಲಗಿದರು. ನಾನು ಲವಂಗ ಕೊಟ್ಟು ಚರ್ಚಿಗೆ ಹೋದೆ. ಊರೆಲ್ಲ ಕೀರ್ತನೆ ಹಾಡುತ್ತಿರುವಾಗ ಈ ಮನುಷ್ಯ ಇನ್ನೂ ನಾರುತ್ತಿದ್ದ ಚಿಪ್ಪುಗಳನ್ನು ದೋಣಿಗೆ ತುಂಬಿ, ತಮ್ಮನ ಹುಲ್ಲುಗಾವಲಿನ ನಡುವೆ ಸುರಿದು ಬಂದರು. ಶಂಖವೆಲ್ಲ ಹೊರಟುಹೋದರೆ ಹೆಜ್ರನ್‌ನ ಕಾವಲುಗಾರಿಕೆಯೂ ಹೋಗುತ್ತದೆ, ಅದು ತಮ್ಮ ಕೈಗೆ ಬರುತ್ತದೆ ಎಂಬುದು ಲೆಕ್ಕ.

ಎಡವಿದ್ದು ಎಲ್ಲಿ ಗೊತ್ತಾ? ಬೇರೆಯವರ ಗುಡ್ಡೆ ಮುಟ್ಟಿದರೆ ಕಳ್ಳತನವಾಗುತ್ತದೆಂದು ತಮ್ಮ ಗುಡ್ಡೆಯ ಚಿಪ್ಪನ್ನೇ ಒಯ್ದರು. ಮಾಂಸ ಬಿಡಿಸಲು ಚಿಪ್ಪಿನ ತಲೆಯ ಹತ್ತಿರ ಸುತ್ತಿಗೆಯಿಂದ ತೂತು ಹೊಡೆಯುತ್ತೇವಲ್ಲ, ಒಬ್ಬೊಬ್ಬರದು ಒಂದೊಂದು ಥರ. ನಿನ್ನ ತಾತ ಎಡಗೈಯವರು, ಸುತ್ತಿಗೆಯ ಮೂತಿ ಬೇರೆ ಬಗ್ಗಿತ್ತು. ಅವರ ತೂತು ಓರೆಯಾಗಿ, ಉಗುರಿನ ತುಂಡಿನ ಹಾಗೆ ಬೀಳುತ್ತಿತ್ತು. ದ್ವೀಪದಲ್ಲಿ ಮಕ್ಕಳಿಗೂ ಗೊತ್ತು.

ಮತ್ತೆ ತೆರೆಯುವ ಮೊದಲು ಹೆಜ್ರನ್ ಬಕೆಟ್ಟು ಹಿಡಿದು ನೋಡಲು ಹೋದ. ಹುಲ್ಲು ಖಾಲಿ. ಶಂಖವೆಲ್ಲ ಉತ್ತರದ ಕಪ್ಪು ನೀರಿಗೆ ಇಳಿದಿದ್ದವು, ಯಾರ ಉಸಿರೂ ತಲುಪದ ಆಳಕ್ಕೆ. ನಿನ್ನ ತಾತನ ಉಸಿರೂ ತಲುಪದು. ಊರು ಸಿಟ್ಟಾಯಿತು. ಇಷ್ಟು ತಿಂಗಳು ಬಾಯಿ ಕಟ್ಟಿಕೊಂಡು ಕೂತದ್ದು ಇದಕ್ಕಾ, ಹೆಜ್ರನ್‌ನನ್ನು ಇಳಿಸಿ ಲಿಯಾಂಡರ್‌ನನ್ನು ಕೂರಿಸೋಣ ಎಂದು ಮತ್ತೆ ಸಭೆ ಕರೆದರು. ನಾನು ಮತ್ತೆ ಅಂಗಿ ಇಸ್ತ್ರಿ ಮಾಡಿದೆ. ಮನಸ್ಸಿನಲ್ಲೇ ಒಂದು ಟೋಪಿಯನ್ನೂ ಆರಿಸಿಟ್ಟೆ, ನೀಲಿಯದು.

ಹೆಜ್ರನ್ ಒಂದು ಹಿಟ್ಟಿನ ಚೀಲ ಹಿಡಿದು ಬಂದು ಅಣ್ಣನ ಪಕ್ಕದಲ್ಲೇ ಕೂತ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಹುಲ್ಲುಗಾವಲಿನಲ್ಲಿ ದೋಣಿಯ ಲಂಗರಿಗೆ ಸಿಕ್ಕಿ ಮೇಲೆ ಬಂದಿದ್ದ ಒಂದು ಚಿಪ್ಪನ್ನು ಚೀಲದಿಂದ ತೆಗೆದು, ಇಬ್ಬರ ನಡುವೆ ತೂತು ಕಾಣುವ ಹಾಗೆ ಇಟ್ಟ. ಮೆಲ್ಲಗೆ, “ನಿನ್ನ ಸುತ್ತಿಗೆ ಮೂತಿ ಬಗ್ಗಿದೆ ಅಣ್ಣ. ಕೊಡು, ನೆಟ್ಟಗೆ ಮಾಡ್ಕೊಡ್ತೀನಿ” ಎಂದ. ಆಮೇಲೆ ಅಂಗಿಯ ಅಂಚಿನಲ್ಲಿ ಅದನ್ನು ಮುಚ್ಚಿಬಿಟ್ಟ.

ಥ್ಯಾಡಿಯಸ್ ಅವನನ್ನು, ನೀನು ಹೇಳುವುದೇನಾದರೂ ಇದೆಯಾ ಎಂದು ಕೇಳಿದರು. ಏನೂ ಇಲ್ಲ ಎಂದ. ಜನ ನಿನ್ನ ತಾತನ ಹೆಸರು ಕೂಗತೊಡಗಿದರು. ಅವರ ಕುತ್ತಿಗೆ ಹಿಂದಿನಿಂದ ಕೆಂಪೇರುವುದು ನನಗೆ ಕಾಣುತ್ತಿತ್ತು. ಕೊನೆಗೆ ಎದ್ದರು.

“ಕಾವಲಿಗೆ ಇವ್ನೇ ಇರ್ಲಿ. ಅಲ್ಲಿ ಚಿಪ್ಪು ಸುರಿದೋನು ನಾನು.”

ಯಾರೂ ಕೇಳದೆ ಇದನ್ನು ಯಾಕೆ ಹೇಳುತ್ತಿದ್ದೀಯ ಎಂದು ಥ್ಯಾಡಿಯಸ್ ಕೇಳಿದರು.

“ಮತ್ತೇನ್ ಮಾಡ್ಲಿ? ಇವ್ನು ಗೊತ್ತಿದ್ದೂ ಬಾಯ್ಮುಚ್ಕೊಂಡು ಕೂತಿದಾನೆ. ಹಿಂಗೇ ಬಿಟ್ರೆ ಇನ್ನೂ ದೊಡ್ಡೋನಾಗ್ಬಿಡ್ತಾನೆ. ಸಾಯೋವರೆಗೂ ಇವ್ನ ಕ್ಷಮೆ ಹೊತ್ಕೊಂಡ್ ತಿರುಗೋ ಬದ್ಲು ನಿಮ್ಮ ಬೈಗುಳ ತಿಂತೀನಿ.”

ಮೊದಲು ನಕ್ಕವಳು ಒರಿಂಥಿಯಾ. ಆಮೇಲೆ ಊರೇ ನಕ್ಕಿತು, ಹೊಟ್ಟೆ ತುಂಬ ಬೈದಿತು ಕೂಡ. ಸುರಿದ ಚಿಪ್ಪನ್ನೆಲ್ಲ ಒಂದೊಂದಾಗಿ ಮುಳುಗಿ ಎತ್ತಬೇಕು, ಎತ್ತಿದ್ದನ್ನು ಕಾವಲುಗಾರ ದೋಣಿಯಲ್ಲಿ ಕೂತು ತೆಗೆದುಕೊಳ್ಳಬೇಕು ಎಂದು ಶಿಕ್ಷೆಯಾಯಿತು. ಹೆಜ್ರನ್ ಬಕೆಟ್ಟಿನಲ್ಲಿ ನೋಡಿ, ಎಡಗಡೆ ಇನ್ನೊಂದು ಇದೆ ಅಣ್ಣ ಎನ್ನುವುದು, ಇಳಿದು ನೀನೇ ತೋರಿಸು ಎಂದು ಇವರು ಬೈಯುವುದು, ದಂಡೆಗೆಲ್ಲ ಕೇಳುತ್ತಿತ್ತು. ಮಧ್ಯಾಹ್ನ ಒಂದೇ ಡಬ್ಬಿಯಿಂದ ಊಟ. ಅನ್ನದ ತಳದ ಗರಿಗರಿ ಭಾಗ ಆ ದಿನಗಳಲ್ಲಿ ಯಾರ ಪಾಲಿಗೆ ಬಿತ್ತೋ, ಇಬ್ಬರೂ ಬಾಯಿ ಬಿಡುವುದಿಲ್ಲ.

ಶಂಖ ಮರುವರ್ಷ ಬಂದವು. ಮೊಟ್ಟೆಯಿಡಲು ತಾವಾಗೇ ಬಂದವೆಂದು ಹೆಜ್ರನ್ ಹೇಳುತ್ತಾನೆ. ತಾವು ಜಾಗ ಗುಡಿಸಿಕೊಟ್ಟದ್ದಕ್ಕೇ ಬಂದವೆಂದು ನಿನ್ನ ತಾತ. ಆ ಜಗಳ ಈಗಲೂ ಮುಗಿದಿಲ್ಲ, ಕಾವಲುಗಾರ ಈಗಲೂ ಹೆಜ್ರನ್‌ನೇ. ಸುತ್ತಿಗೆ ಮಾತ್ರ ಅಂದಿನಿಂದ ಪ್ರತಿ ವರ್ಷ ಹುಲ್ಲುಗಾವಲು ತೆರೆಯುವ ಮೊದಲು ಅವನ ಮನೆಗೆ ಹೋಗಿ ಮೂತಿ ನೆಟ್ಟಗಾಗಿ ಬರುತ್ತದೆ. ಕೊಟ್ಟು ಬರುವುದು ಹೇಗೋ ಆಗುತ್ತದೆ, ತಮ್ಮನ ಬಾಗಿಲಲ್ಲಿ ನಿಂತು ವಾಪಸ್ ಕೇಳಲು ನಿನ್ನ ತಾತನಿಗೆ ಇವತ್ತಿಗೂ ಆಗುವುದಿಲ್ಲ. ನಾಳೆ ತೆರೆಯುತ್ತಾರೆ. ಅದಕ್ಕೇ ಬಣ್ಣ ಬಳಿಯುವ ನೆಪದಲ್ಲಿ ಬೆಳಗಿನಿಂದ ನಿನ್ನ ಮುಖ ನೋಡುತ್ತಿದ್ದಾರೆ.

ಏಳು. ಆ ಬಟ್ಟಲಿಗೆ ಇನ್ನರ್ಧ ನಿಂಬೆಹಣ್ಣು ಹಿಂಡಿ, ಮೇಲೆ ತಟ್ಟೆ ಮುಚ್ಚಿ ತೆಗೆದುಕೊಂಡು ಹೋಗು. ಚಿಕ್ಕ ತಾತನ ಕೈಗೇ ಕೊಟ್ಟು ಸುತ್ತಿಗೆ ಇಸಿದುಕೊಂಡು ಬಾ. ಒರಿಂಥಿಯಾ ತೆಂಗಿನಕಾಯಿ ಹೂರಣದ ತಿಂಡಿ ಕೊಡುತ್ತಾಳೆ, ಅಲ್ಲೇ ತಿಂದು ಬಾಯಿ ಒರೆಸಿಕೊಂಡು ಬಾ. ಚೆನ್ನಾಗಿತ್ತು ಅಂತ ಮಾತ್ರ ನನ್ನ ಹತ್ತಿರ ಬಂದು ಹೇಳಬೇಡ.