ದೇವಿದಾಸನ ನಾಲಿಗೆಗೆ ಇಂಗ್ಲೆಂಡಿನ ಸವಾಲು

ಹಾರವಾಡದ ದೇವಿದಾಸನ ದೋಣಿ ಅಣ್ಣನ ಹೆಸರಿನಲ್ಲಿತ್ತು, ಮನೆ ಹೆಂಡತಿ ದುರ್ಗಿಯ ಆಳ್ವಿಕೆಯಲ್ಲಿತ್ತು. ಸ್ವಂತದ್ದು ಅಂತ ಇದ್ದದ್ದು ನಾಲಿಗೆ ಒಂದೇ. ಐವತ್ತೆರಡು ವರ್ಷದ ಆ ನಾಲಿಗೆಯ ಕೀರ್ತಿ ಆಚೆ ಬಾಳೆಗುಳಿ, ಈಚೆ ಚಿತ್ತಾಕುಲದವರೆಗೆ ಹಬ್ಬಿತ್ತು. ಗೋವಾದಿಂದ ಯಾರ ಮನೆಗೆ ಗೇರುಹಣ್ಣಿನ ಫೆನ್ನಿ ಬರಲಿ, ಮೊದಲ ಗುಟುಕು ಅವನದು. ಬಾಟಲಿಯನ್ನು ಜೋರಾಗಿ ಕುಲುಕಿ ಬೆಳಕಿಗೆ ಹಿಡಿಯುತ್ತಿದ್ದ. ಗುಳ್ಳೆಗಳು ಮುತ್ತಿನ ಸರದ ಹಾಗೆ ಅಂಚಿಗೆ ಕೂತರೆ ಮಾಲು ಗಟ್ಟಿ, ಬೇಗ ಒಡೆದರೆ ನೀರು ಬೆರೆಸಿದ್ದು. ಆಮೇಲೆ ಒಂದು ಗುಟುಕು, ಕಣ್ಣು ಮುಚ್ಚಿ ಧ್ಯಾನ, ತೀರ್ಪು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಈ ಸಿಂಹಾಸನದ ಮೇಲೆ ಕಣ್ಣಿಟ್ಟವನು ದುರ್ಗಿಯ ತಮ್ಮ ರೂಪೇಶ. ಹಡಗಿನಲ್ಲಿ ಅಡುಗೆಯವನು. ರಜೆಗೆ ಬಂದವನೇ ಭಾನುವಾರ ಮಧ್ಯಾಹ್ನ ಲುಂಗಿಯಲ್ಲಿ ಸುತ್ತಿದ ಕಂದು ಬಾಟಲಿಯೊಂದನ್ನು ಜಗಲಿಯ ಮೇಲೆ ಇಟ್ಟ.

"ಇಂಗ್ಲೆಂಡಿನ ಏಲ್, ಭಾವ. ಬಿಯರಿನ ಜಾತಿಯೇ, ಆದ್ರೆ ನೀವು ಮೂಸಿಯೂ ನೋಡದ ಅಂಗಡಿ ಮಾಲಲ್ಲ ಇದು. ಮೂರು ರುಚಿ ಉಂಟು ಅಂತ ಬಾಟಲಿ ಚೀಟಿಯಲ್ಲಿ ಬರದಾರೆ, ಅದು ಕಾಣದ ಹಾಂಗೆ ಮೇಲೆ ಪಟ್ಟಿ ಅಂಟಿಸಿದ್ದೆ. ಎರಡು ಹೇಳಿದ್ರೆ ನೀವೇ ರಾಜ. ಇಲ್ದಿದ್ರೆ ಇನ್ನು ಊರಿನ ಮೊದಲ ಗುಟುಕು ನಂದು."

"ಎರಡು ಯಾಕೋ ಮಾರಾಯ? ಮೂರೂ ಹೇಳ್ತೆ. ಬೇಕಾದ್ರೆ ಮಾಡಿದವನ ಹೆಂಡ್ತಿ ಹೆಸರೂ ಹೇಳ್ತೆ!"

ಸಾಕ್ಷಿಗೆ ಬಂದಿದ್ದ ನೆರೆಮನೆಯ ಜಟ್ಟಪ್ಪ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಗೆ ಉಬ್ಬಿಹೋದ ದೇವಿದಾಸ ಬಾಟಲಿ ಎತ್ತಿದವನೇ ಮೂವತ್ತು ವರ್ಷದ ಅನುಭವವನ್ನೆಲ್ಲ ತೋಳಿಗೆ ತಂದು ಕುಲುಕಿದ.

"ಭಾವ, ಅದನ್ನ ಕುಲುಕ್..."

ರೂಪೇಶನ ಮಾತು ಮುಗಿಯುವ ಮೊದಲೇ ದೇವಿದಾಸ ಮುಚ್ಚಳ ಹಾರಿಸಿದ್ದ. ಅದೇ ಗಳಿಗೆಗೆ ದುರ್ಗಿ ಹುರಿದ ಬಂಗಡೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದು, "ಎಂತಾ ಗಲಾಟೆ ನಿಮ್ದು, ಮೀನು ಆರ್..." ಎಂದು ಬಾಯಿ ತೆರೆದಿದ್ದಳು. ಇಂಗ್ಲೆಂಡಿನ ನೊರೆ ಅಳಿವೆಯ ಅಲೆಯಂತೆ ಎದ್ದು ದೇವಿದಾಸನ ಮೀಸೆ ತೋಯಿಸಿ, ಜಟ್ಟಪ್ಪನ ಬನಿಯನ್ನಿಗೆ ಅಭಿಷೇಕ ಮಾಡಿ, ನೇರ ಹೋಗಿ ಆ ತೆರೆದ ಬಾಯಿಗೆ ನುಗ್ಗಿತು.

ತಳದಲ್ಲಿ ಎರಡು ಬೆರಳಿನಷ್ಟು ರಾಡಿ ಉಳಿದಿತ್ತು. ಸೋಲೊಪ್ಪುವ ಜಾತಿಯಲ್ಲ ದೇವಿದಾಸ. ಅದನ್ನೇ ಬಾಯಿಗೆ ಸುರಿದುಕೊಂಡು ಕಣ್ಣು ಮುಚ್ಚಿದ.

"ಗಂಜಿ," ಎಂದ ಗಂಭೀರವಾಗಿ. "ನಿನ್ನೆ ಗಂಜಿ."

"ಆಮೇಲೆ?"

ದೇವಿದಾಸ ನಾಲಿಗೆಯನ್ನು ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ. ಇಷ್ಟು ವರ್ಷ ಒಮ್ಮೆಯೂ ಕೈಕೊಡದ ನಾಲಿಗೆ ಹೀಗೆ ಒಣ ಮೀನಿನ ಹಾಗೆ ಬಿದ್ದುಕೊಂಡಿದೆಯಲ್ಲ!

"ಆಮೇಲೆ... ಅದೇ ಗಂಜಿ."

ರೂಪೇಶ ಆಗಲೇ ನಗತೊಡಗಿದ್ದ. ದುರ್ಗಿ ಸೆರಗಿನಿಂದ ಮುಖ ಒರೆಸಿ, ತುಟಿ ಚಪ್ಪರಿಸಿದಳು.

"ಎಂತಾ ಗಂಜಿ? ಪಾಕ ಕರಟಿದ ಬೆಲ್ಲ. ಕಿತ್ತಳೆ ಸಿಪ್ಪೆ. ನುಂಗಿದ ಮೇಲೆ ಹಾಗಲಕಾಯಿ ಹಾಂಗೆ ಕಹಿ. ಇದನ್ನ ತರೂಕೆ ಹಡಗು ಬೇಕಿತ್ತನಾ ತಮ್ಮ?"

ರೂಪೇಶನ ನಗು ನಿಂತಿತು. ಉಗುರಿನಿಂದ ಪಟ್ಟಿ ಕಿತ್ತು ಒಣಗಿದ ದನಿಯಲ್ಲಿ ಓದಿದ. ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ, ಕೊನೆಗೆ ದೀರ್ಘ ಕಹಿ.

ಜಟ್ಟಪ್ಪ ಎದ್ದೇ ನಿಂತ. "ವೈನಿ, ನಮ್ಮನೇಲಿ ಒಂದು ಬಾಟ್ಲಿ ಫೆನ್ನಿ ಉಂಟು. ನೀರು ಹಾಕಾರೆ ಅಂತ ಅನುಮಾನ. ಈಗ್ಲೇ ತರ್ಲಾ?"

"ತಕಂಬಾ," ಎನ್ನುತ್ತ ದುರ್ಗಿ ಗಂಡನನ್ನು ಎಬ್ಬಿಸಿ ಅವನ ಕುರ್ಚಿಯಲ್ಲೇ ಕೂತಳು.

ರಾಜ್ಯ ಹೋದರೇನು, ರೂಪೇಶನ ಪಾಲಾಗದೆ ಮನೆಯಲ್ಲೇ ಉಳಿಯಿತಲ್ಲ! ದೇವಿದಾಸ ಖುಷಿಯಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದೊಡ್ಡ ಬಂಗಡೆಯನ್ನೇ ಆರಿಸಿಕೊಂಡ.